ಹಾರ ಬಿದ್ದ ಗಂಟಲು

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಘೋಷಣೆ ಕೂಗಿ ನಮ್ಮ ಓಣಿಯ ಕಾಕಾನ ದನಿ ಹೋಯಿತೆಂದು ಜಹೀರಾಬಾದಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೀದರಿಗೆ ಹೋಗುವ ಜೀಪುಗಳಿಗೆ ಜನರನ್ನು ಕರೆಯುವುದು ಅವರ ಕೆಲಸ. ಇಡೀ ಜೀಪು ಖಾಲಿಯಿದ್ದರೂ "ಒಬ್ರೇ ಕಮ್ಮಿ ಅದಾರ, ಬರ್ರಿ ಬರ್ರಿ!" ಎನ್ನುತ್ತಿದ್ದರು. ಚಳವಳಿಯ ಬಂದ್ ಇದ್ದಾಗ ಘೋಷಣೆಯಿಲ್ಲ, ಮನೆಯಲ್ಲಿ ಗೊರಕೆ. ದನಿ ಒಡೆದದ್ದೂ ಆ ದಿನಗಳಲ್ಲೇ!

ನಾನೇ ಬೀದರಿಗೆ ಕರೆದೊಯ್ದಿದ್ದೆ. ಡಾಕ್ಟರು ಕಾಕಾನ ಊದಿದ ಬೆರಳುಗಳನ್ನು ನೋಡಿ, "ಇದೇ ಸಂಧಿವಾತ ಗಂಟಲೊಳಗಿನ ಸಣ್ಣ ಕೀಲಿಗೂ ಬಂದದ. ಗುಳಿಗಿ ತಗೊಂಡ್ರ ದನಿ ತಿರುಗಿ ಬರಬಹುದು, ಬಿಟ್ರ ಉಸಿರಿಗೇ ತ್ರಾಸ" ಅಂದರು.

ಕಾಕಾ ಗುಳಿಗೆ ಮುಟ್ಟಲಿಲ್ಲ. ರಾಜ್ಯ ಬಂದ ಮೇಲೆ, ಚಳವಳಿಗೆ ದನಿ ಕೊಟ್ಟವರೆಂದು ವೇದಿಕೆಯಲ್ಲಿ ಅವರಿಗೆ ಹಾರ ಬಿತ್ತು. ಮೈಕು ಕೈಗೆ ಬಂದೊಡನೆ, ರೂಢಿಯಂತೆ, "ಒಬ್ರೇ ಕಮ್ಮಿ ಅದಾರ..." ಎಂದು ಪಿಸುಗುಟ್ಟಿದರು. ಚಪ್ಪಾಳೆಯೋ ಚಪ್ಪಾಳೆ!

ಕೆಳಗಿಳಿದಾಗ ಕೇಳಿದೆ: "ಕಾಕಾ, ಗುಳಿಗಿ ನುಂಗಿದ್ರ ದನಿ ಬರ್ತದ, ಹಾರ ಹೋಗ್ತದ. ನಿಮಗ ಯಾವುದು ಬೇಕ್ರಿ?"