ಓನರಮ್ಮನ ಮನೆಯ ಫೋನು

ನನ್ನ ಮೊಮ್ಮಗಳು ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿದಾಗ ಹಲಸೂರಿನ ನಮ್ಮ ವಠಾರದ ಎಲ್ಲ ಮನೆಗೂ ಸಕ್ಕರೆ ಹಂಚಿದೆ. ನಾನು ಓದಿದ್ದು ಮೂರನೇ ಕ್ಲಾಸು. ಒಂದು ಬೋಲ್ಟನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಬರೆಯುವುದಕ್ಕೆ ಎರಡು ವರ್ಷ ಯಾಕೆ ಬೇಕೋ ನನಗೆ ತಿಳಿಯದು. ಆದರೆ ಅವಳು ಎಳೆದ ಗೆರೆ ದಾರ ಬಿಗಿದು ಕಟ್ಟಿದ ಹಾಗಿರುತ್ತಿತ್ತು. ನೋಡುತ್ತ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗುತ್ತಿರಲಿಲ್ಲ.

ಎಂಟು ತಿಂಗಳು ಅವಳು ಪೇಪರಿನ ಜಾಹೀರಾತು ಕತ್ತರಿಸಿದಳು, ಅರ್ಜಿ ಹಾಕಿದಳು. ಕೆ.ಆರ್. ಪುರ, ಮಹದೇವಪುರ, ವಿಮಾನಪುರ, ಯಾವ ಕಡೆಯ ಕಂಪನಿಯೂ ಉಸಿರೆತ್ತಲಿಲ್ಲ. ಕೊನೆಗೆ ಕತ್ತರಿ ಎತ್ತಿಟ್ಟಳು. ಕಾಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯವರು ಒಂದನೇ ತಾರೀಖಿನಿಂದ ಬಾ ಎಂದಿದ್ದರು. ಗಿರಾಕಿಗಳು ಬಿಚ್ಚಿಸಿ ಬೇಡವೆಂದ ಸೀರೆಗಳನ್ನು ಮತ್ತೆ ಮಡಿಸುವ ಕೆಲಸ.

"ಅಲ್ಲಿಗೆ ಸೇರಿದ್ರೆ ಪೆನ್ಸಿಲ್ ಮರೆತಂಗೇ ಅಜ್ಜಿ," ಎಂದಳು.

ಒಂದನೇ ತಾರೀಖಿಗೆ ಹದಿನೆಂಟು ದಿನ ಉಳಿದಿತ್ತು. ಮೊದಲು ಅವಳನ್ನು ನಮ್ಮ ಜನಾಂಗದ ಸಂಘದ ಉದ್ಯೋಗ ಮಾರ್ಗದರ್ಶನ ಶಿಬಿರಕ್ಕೆ ಎಳೆದುಕೊಂಡು ಹೋದೆ. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ, ಹನ್ನೊಂದು ಹಾರ, ಹನ್ನೊಂದು ಶಾಲು. ಉದ್ಯೋಗ ಕೊಡುವವರು ಒಬ್ಬರೂ ಇರಲಿಲ್ಲ, ಉದ್ಯೋಗದಿಂದ ರಿಟೈರಾದವರೇ ಎಲ್ಲ. ಪ್ರಾರ್ಥನೆ ಹಾಡುವ ಹುಡುಗಿ ಬರಲಿಲ್ಲವೆಂದು ಕಾರ್ಯದರ್ಶಿ ನನ್ನ ಮೊಮ್ಮಗಳನ್ನೇ ಹಿಡಿದು ಮೈಕಿನ ಮುಂದೆ ನಿಲ್ಲಿಸಿದ. ಕೆಲಸ ಕೇಳಲು ಹೋದವಳು ಗಣಪತಿಯನ್ನು ಸ್ತುತಿಸಿ, ಒಂದು ಗುಲಾಬಿ ಇಸಿದುಕೊಂಡು ಕೆಳಗಿಳಿದಳು. ಅಧ್ಯಕ್ಷರು ಸ್ವಂತ ಕಾಲಿನ ಮೇಲೆ ನಿಲ್ಲುವುದರ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು. ಆಮೇಲೆ ಅವರನ್ನು ವೇದಿಕೆಯಿಂದ ಇಳಿಸಲು ಇಬ್ಬರು ಬೇಕಾಯಿತು. ಅವಳ ಬಯೋಡೇಟಾ ಕೈಗೆ ಕೊಟ್ಟರೆ ತಿರುಗಿಸಿ ನೋಡಿ, "ಧ್ವನಿ ಚೆನ್ನಾಗಿದೆ. ಗಂಡು ನೋಡ್ತಿದ್ದೀರಾ?" ಎಂದರು.

"ಕಂಪನಿ ನೋಡ್ತಿದೀವಿ ಸ್ವಾಮಿ," ಎಂದೆ.

ಅವರು ಉಪ್ಪಿಟ್ಟಿನ ಕಡೆ ನಡೆದರು.

ನಾನು ಆಯಾ ಆಗಿದ್ದ ಶಾಲೆಯ ಟೀಚರೊಬ್ಬರು ಇನ್ನೊಂದು ದಾರಿ ಹೇಳಿದರು. ಶಿವಾಜಿನಗರದಲ್ಲಿ ಚರ್ಚಿಗೆ ಸೇರಿದ ಒಂದು ಹಾಲ್ ಇತ್ತು. ಅಲ್ಲಿ ದಿನವೂ, ಆಫೀಸಿನಿಂದ ರಿಟೈರಾದ ಒಬ್ಬ ಮಿಸ್ಸು ಟೈಪ್‌ರೈಟರ್ ಇಟ್ಟುಕೊಂಡು ಕೂತಿರುತ್ತಿದ್ದರು. ಯಾವ ಜಾತಿಯವರು ಹೋದರೂ ಅರ್ಜಿ ತಿದ್ದಿಕೊಡುತ್ತಿದ್ದರು. ಹಾರವಿಲ್ಲ, ಉಪ್ಪಿಟ್ಟೂ ಇಲ್ಲ. ಅವರ ಮೊದಲ ಮಾತೇ ಬೈಗುಳ.

"ಎಲ್ಲೆಲ್ಲಿ ಅಪ್ಲೈ ಮಾಡಿದೀಯ, ಲಿಸ್ಟ್ ಎಲ್ಲಿ?"

"ಲಿಸ್ಟ್ ಮಾಡಿಲ್ಲ ಮಿಸ್."

"ಲೆಟರ್ ಹಾಕಿ ಮನೇಲಿ ಕೂತಿದ್ರೆ ಅವ್ರೇನ್ ಮೆರವಣಿಗೇಲಿ ಬಂದು ಕರ್ಕೊಂಡ್ ಹೋಗ್ತಾರಾ? ನೀನೇ ಫೋನ್ ಮಾಡಿ ಕೇಳ್ಬೇಕು."

ನೆನಪಿದ್ದಷ್ಟು ಕಂಪನಿಗಳ ಹೆಸರು ಬರೆಸಿ, ಅಲ್ಲಿದ್ದ ಫೋನನ್ನು ಅವಳ ಮುಂದೆ ತಳ್ಳಿದರು. ಅವಳು ಮೊದಲು ಮಾಡಿದ್ದು ಕೆ.ಆರ್. ಪುರದ ಒಂದು ಟೂಲ್ ರೂಮಿಗೆ, ಎಂದರೆ ಯಂತ್ರದ ಅಚ್ಚು ತಯಾರಿಸುವ ಕಾರ್ಖಾನೆಗೆ. ಮಾತಾಡುತ್ತ ಮಾತಾಡುತ್ತ ಅವಳ ಮುಖ ಬಿಳಿಚಿತು.

"ಎರಡು ಸಲ ಫೋನ್ ಮಾಡಿದ್ರಂತೆ ಮಿಸ್. ಅಂಥ ಹುಡುಗಿ ಇಲ್ಲಿಲ್ಲ ಅಂದ್ರಂತೆ."

ಅರ್ಜಿಯಲ್ಲಿ ಕೊಟ್ಟಿದ್ದು ನಮ್ಮ ಮನೆಯ ಮಾಲೀಕರ, ಅಂದರೆ ಓನರಮ್ಮನ, ನಂಬರು. ಮುಂದೆ ಪಿ.ಪಿ. ಎಂದು ಬರೆದರೆ ಫೋನು ಪಕ್ಕದವರದು, ಅವರು ಕರೆದುಕೊಡುತ್ತಾರೆ ಎಂದರ್ಥ. ಅವಳು ಐಟಿಐಗೆ ಸೇರಿದ ದಿನವೇ ನಾನು ಓನರಮ್ಮನ ಕಿವಿಯಲ್ಲಿ, ಯಾವ ಗಂಡಸು ಫೋನ್ ಮಾಡಿ ಇವಳನ್ನು ಕೇಳಿದರೂ ಇಲ್ಲ ಅಂದುಬಿಡಿ ಎಂದು ಹೇಳಿಟ್ಟಿದ್ದೆ. ಪರರ ಮಗಳು, ನನ್ನ ಜವಾಬ್ದಾರಿ ಎಂಬ ಘನಂದಾರಿ ಬುದ್ಧಿ. ಪರರೆಂದರೆ ನನ್ನ ಸ್ವಂತ ಅಳಿಯ. ಆಮೇಲೆ ಆ ಮಾತನ್ನು ವಾಪಸು ತೆಗೆದುಕೊಳ್ಳುವುದು ಮರೆತೇ ಹೋಯಿತು.

ಅಲ್ಲೇ ಒಪ್ಪಿಕೊಂಡೆ. ಮೊಮ್ಮಗಳು ನೆಲ ನೋಡಿದಳು. ಮಿಸ್ಸು ಕನ್ನಡಕ ತೆಗೆದರು.

"ಅಜ್ಜಿ, ಸೆಕ್ಯುರಿಟಿ ಕೆಲಸಕ್ಕೆ ನಿಮ್ದೂ ಒಂದು ಬಯೋಡೇಟಾ ಟೈಪ್ ಮಾಡ್ಲಾ?"

ಮನೆಗೆ ಬಂದವಳೇ ಓನರಮ್ಮನನ್ನು ಕೇಳಿದೆ. ಅವರಿಗೆ ಹೆಮ್ಮೆ. "ಎಷ್ಟ್ ಜನ ಮಾಡಿದ್ರು ಗೊತ್ತಾ? ಒಬ್ಬ ಇಂಟರ್‌ವ್ಯೂ ಇದೆ ಅಂದ. ಎಲ್ಲಪ್ಪಾ, ಹಲಸೂರು ಕೆರೆ ದಂಡೇಲಾ ಅಂತ ಕೇಳ್ದೆ. ಹಂಗೇ ಇಟ್ಬಿಟ್ಟ."

ನಮ್ಮ ಬಾಡಿಗೆ ಮನೆಯ ಸೂರು ಸೋರುತ್ತದೆಂದು ವರ್ಷಗಟ್ಟಲೆ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಹೆಂಗಸು, ಈ ಒಂದು ಮಾತನ್ನು ಮಾತ್ರ ಎಷ್ಟು ನಿಯತ್ತಾಗಿ ನಡೆಸಿದ್ದರು.

ಮೊಮ್ಮಗಳು ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದಳು, ಅಷ್ಟೇ. ಆದರೆ ಮಿಸ್ಸಿನ ಹತ್ತಿರ ದಿನವೂ ಹೋದಳು, ನಾನೂ ಹಿಂದೆ ಹಿಂದೆ ಹೋದೆ. ಅವರು ಪಟ್ಟಿಯಲ್ಲಿದ್ದ ಒಂದೊಂದು ಕಂಪನಿಗೂ ಹೊಸ ಕಾಗದ ಟೈಪ್ ಮಾಡಿಸಿದರು, ನಂಬರು ಆ ಚರ್ಚ್ ಹಾಲ್‌ನದೇ ಕೊಟ್ಟರು. ಫೋನಿನ ತೊಂದರೆಯಿಂದ ತಮ್ಮ ಕರೆ ತಲುಪಲಿಲ್ಲ ಎಂದು ಬರೆಸಿ, "ಅಜ್ಜಿ ತೊಂದ್ರೆ ಅಂತ ಬರ್ಯಕ್ಕಾಗಲ್ಲ," ಎಂದು ನನ್ನ ಕಡೆ ನೋಡಿದರು. ಎದುರು ಕೂರಿಸಿಕೊಂಡು ಇಂಟರ್‌ವ್ಯೂ ಅಭ್ಯಾಸವನ್ನೂ ಮಾಡಿಸಿದರು. "ತಲೆ ಎತ್ತು. ಇದು ಹೆಣ್ಣು ನೋಡೋ ಶಾಸ್ತ್ರ ಅಲ್ಲ."

ತಿಂಗಳು ಮುಗಿಯಲು ನಾಲ್ಕು ದಿನವಿದ್ದಾಗ ಅದೇ ಟೂಲ್ ರೂಮಿನವರು ಕರೆದರು. ಬೇಡವೆಂದರೂ ಜೊತೆಗೆ ಹೋದೆ. ಗೇಟಿನ ಹೊರಗೆ ಮೂರು ಗಂಟೆ ನಿಂತೆ. ಒಳಗೆ ಕಬ್ಬಿಣದ ಒಂದು ತುಂಡು ಕೊಟ್ಟು, ಅಳತೆ ತೆಗೆದು ಬರಿ ಎಂದರಂತೆ. ಹೊರಗೆ ಬಂದಾಗ ಅವಳ ಬೆರಳಿಗೆಲ್ಲ ಪೆನ್ಸಿಲ್ ಮಸಿ.

"ಸೋಮವಾರದಿಂದ ಬಾ ಅಂದ್ರು," ಎಂದಳು. ಹನ್ನೊಂದು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು. ಸೆರಗಿನಿಂದ ಅವಳ ಬೆರಳು ಒರೆಸತೊಡಗಿದೆ.

"ಬಿಡಜ್ಜಿ, ಹೋಗಲ್ಲ ಅದು. ಮೊದ್ಲು ಸೀರೆ ಅಂಗಡಿಗೆ ನಡಿ, ನಾನು ಬರಲ್ಲ ಅಂತ ಹೇಳ್ಬೇಕು. ನೀನೇ ಹೇಳು."

ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದೆ, ಪಕ್ಕದಲ್ಲಿ ಕೂತಿದ್ದ ಹೂವಿನವಳಿಗೆ ಹೇಳಿದೆ. ಅಂಗಡಿಯಲ್ಲಿ ಮಾಲೀಕರ ಎದುರು ನಿಂತು, ನಮ್ಮ ಹುಡುಗಿ ಬರೋದಿಲ್ಲ, ಅವಳಿಗೆ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸವಾಗಿದೆ ಎಂದು, ಅಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡುವ ಹಾಗೆ ಹೇಳಿದೆ. ಅವರಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲವೂ ಹೇಳಿದೆ.