ನಾಲ್ಕು ಅಂಚಿಗೂ ಕೆಂಪು ನೂಲು

ವಿದ್ಯುತ್ ಸ್ಥಾವರದ ಒಳಗಿನ ಸಂಗತಿ ಬರೆಯುವಷ್ಟು ಓದು ನನ್ನದಲ್ಲ. ನಾನು ಸಂಜೆ ಕಾಲೇಜಿನಲ್ಲಿ ಓದಿದವಳು. ಟರ್ಬೈನನ್ನು ಹತ್ತಿರದಿಂದ ಕಂಡದ್ದೇ ಕಳೆದ ತಿಂಗಳು. ಯಂತ್ರದ ವಿಷಯದಲ್ಲಿ ಇಲ್ಲಿ ಏನಾದರೂ ತಪ್ಪು ಕಂಡರೆ ಅದು ನನ್ನದು, ಹೇಳಿಕೊಟ್ಟವರದಲ್ಲ. ಎರಡು ಸಲ ಬರೆದು ಹರಿದು ಹಾಕಿದ ಮೇಲೂ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಓದುಗರು ದೊಡ್ಡ ಮನಸ್ಸು ಮಾಡಬೇಕು.

ಬೆಳಗಿನ ಐದೂವರೆ. ಟರ್ಬೈನ್ ಮನೆಯ ಹಿಂಗೋಡೆಗೆ ಆತುಕೊಂಡು ಒಂದು ತಗಡಿನ ಕೋಣೆಯಿದೆ. ಗೋಡೆಯಾಚೆ ಯಂತ್ರ ತಿರುಗುತ್ತಿರುವುದರಿಂದ ಇಲ್ಲಿ ಬಕೆಟ್ಟಿನ ನೀರು ಕೂಡ ಸುಮ್ಮನಿರುವುದಿಲ್ಲ. ಅದರ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದು ಅಳಿಯುತ್ತಲೇ ಇರುತ್ತವೆ. ಗಿಡ್ಡ ಮಣೆಯ ಮೇಲೆ ಕೂತ ಹೆಂಗಸೊಬ್ಬರು ಎಣ್ಣೆ ಕುಡಿದು ಕಪ್ಪಾದ ಬಟ್ಟೆಯೊಂದನ್ನು ಬಿಚ್ಚುತ್ತಾರೆ, ಹೆಬ್ಬೆರಳನ್ನು ಅದರ ನಾಲ್ಕು ಅಂಚಿಗೂ ಓಡಿಸುತ್ತಾರೆ, ತೊಟ್ಟಿಗೆ ಹಾಕುತ್ತಾರೆ. ತುಟಿ ಅಲುಗುತ್ತಿರುತ್ತದೆ. ನಾನು ನಮಸ್ಕಾರ ಎಂದೆ. ಅವರು ಕಣ್ಣಲ್ಲೇ ಕೂರಲು ಹೇಳಿದರು. ಎಣಿಕೆ ಎಪ್ಪತ್ತು ತುಂಬುವವರೆಗೆ ಮಾತಿಲ್ಲ.

"ಬೇಜಾರು ಮಾಡ್ಕೋಬೇಡಮ್ಮ. ನಡುವೆ ಮಾತಾಡಿದ್ರೆ ಮತ್ತೆ ಒಂದರಿಂದ ಶುರು ಮಾಡ್ಬೇಕು," ಎಂದರು ಆಮೇಲೆ.

ಸ್ಥಾವರದಲ್ಲಿ ಎಲ್ಲರೂ ಅವರನ್ನು ಬಟ್ಟೆಯಕ್ಕ ಎನ್ನುತ್ತಾರೆ. ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಯಂತ್ರ ಒರೆಸುವ ಬಟ್ಟೆಗಳನ್ನು ಒಗೆದು, ಹೊಲಿದು, ಎಣಿಸಿ ಕೊಡುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಮಣೆ.

ಕೆಲಸ ಸಣ್ಣದೆಂದು ಕಾಣಬಹುದು. ನನಗೂ ಹಾಗೇ ಕಂಡಿತ್ತು. ಮೊದಲು ಇಲ್ಲಿ ಹೊಸ ನೂಲಿನ ಉಂಡೆಗಳನ್ನು ತರಿಸಿ, ಒಂದು ಸಲ ಒರೆಸಿ, ಎಣ್ಣೆಯ ಸಮೇತ ಗುಂಡಿಯಲ್ಲಿ ಹೂಳುತ್ತಿದ್ದರಂತೆ. ಈಗ ಹೊಸದೇನೂ ಬರುವುದಿಲ್ಲ. ಕಾರ್ಮಿಕರ ಹಳೆಯ ಯೂನಿಫಾರಂಗಳೇ ಬರುತ್ತವೆ. ಅಕ್ಕ ಗುಂಡಿ, ಜಿಪ್ ಕಿತ್ತು, ಒಂದು ಅಂಗಿಯಲ್ಲಿ ನಾಲ್ಕು, ಒಂದು ಪ್ಯಾಂಟಿನಲ್ಲಿ ಆರು ಚೌಕ ತೆಗೆಯುತ್ತಾರೆ. ಎಳೆ ಬಿಚ್ಚಿ ಯಂತ್ರಕ್ಕೆ ಬೀಳದಿರಲೆಂದು ನಾಲ್ಕು ಅಂಚಿಗೂ ಕೆಂಪು ನೂಲಿನಲ್ಲಿ ಹೊಲಿಗೆ ಹಾಕುತ್ತಾರೆ. ದಿನಕ್ಕೆ ಇನ್ನೂರ ನಲವತ್ತು ಬಟ್ಟೆ ಹೋಗುತ್ತವೆ, ಇನ್ನೂರ ನಲವತ್ತು ಬರಬೇಕು. ಒಂದೊಂದೂ ಇಪ್ಪತ್ತು ಒಗೆತ ತಡೆಯುತ್ತದೆ. ಆಮೇಲೆ ಕಲ್ಲಿದ್ದಲು ಸಾಗಿಸುವ ಕಡೆಗೆ ಗ್ರೀಸ್ ಒರೆಸಲು ಹೋಗುತ್ತದೆ. ನೆನೆಹಾಕಿದ ತೊಟ್ಟಿಯಲ್ಲಿ ತೇಲುವ ಎಣ್ಣೆಯನ್ನು ಅಗಲ ಸೌಟಿನಿಂದ ತೆಗೆದು ಪೀಪಾಯಿಗೆ ತುಂಬುತ್ತಾರೆ. ದಿನಕ್ಕೆ ಎಂಟೊಂಬತ್ತು ಲೀಟರು. ಅದು ಶುದ್ಧಿ ಮಾಡುವವರಿಗೆ ಹೋಗುತ್ತದೆ. ತಿಳಿಯಾಗಿ ಉಳಿದ ನೀರನ್ನು ಬೂದಿ ಗಾಳಿಗೆ ಹಾರದಂತೆ ಚಿಮುಕಿಸಲು ಒಯ್ಯುತ್ತಾರೆ. ಕೊನೆಗೆ ಕೋಣೆಯಿಂದ ಹೊರಗೆಸೆಯುವುದು ಒಂದು ಬುಟ್ಟಿ ಕಸ, ಅದೂ ವಾರಕ್ಕೊಮ್ಮೆ.

ಅಕ್ಕನ ಗಂಡ ಇದೇ ಸ್ಥಾವರದಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತರಾಗಿ ಆರು ವರ್ಷ. ಯಂತ್ರದ ಸದ್ದು ಅವರ ಎರಡೂ ಕಿವಿಯನ್ನು ತೆಗೆದುಕೊಂಡಿದೆ. ಅವರ ಎರಡು ಕೋಣೆಯ ಮನೆಗೆ ಹೋದ ದಿನ ಅಕ್ಕ ತೊಳೆದ ಚಮಚಗಳನ್ನು ಡಬ್ಬಿಗೆ ಹಾಕುತ್ತ ತುಟಿ ಅಲುಗಿಸುತ್ತಿದ್ದರು.

"ನಮ್ಮನೆ ಚಮಚ ಟರ್ಬೈನಿಗೆ ಬೀಳಲ್ಲ ಕಣೇ, ಬಿಡು," ಎಂದರು ಅವರು, ಕಿವಿ ಕೇಳದವರ ಗಟ್ಟಿ ದನಿಯಲ್ಲಿ. ನನ್ನತ್ತ ತಿರುಗಿ, "ನಾನು ರಿಟೈರ್ ಆದೆ. ನನ್ನ ಪ್ಯಾಂಟು ಇನ್ನೂ ಡ್ಯೂಟಿ ಮಾಡ್ತಿದೆ. ಮೊಣಕಾಲಿನ ಭಾಗ ಯಾವ ಬೇರಿಂಗ್ ಒರೆಸ್ತಿದೆಯೋ, ಇವಳನ್ನೇ ಕೇಳಿ."

"ನಿಮ್ಮ ಮೊಣಕಾಲು ಹೋದ ವರ್ಷವೇ ಗ್ರೀಸಿಗೆ ಹೋಯ್ತು ರೀ," ಎಂದರು ಅಕ್ಕ. ಅವರಿಗೆ ಕೇಳಿಸಲಿಲ್ಲ. ಅಕ್ಕ ಹತ್ತಿರ ಹೋಗಿ, ಅವರ ಭುಜದ ಮೇಲೆ ಕೈಯಿಟ್ಟು, ಇನ್ನೊಮ್ಮೆ ಹೇಳಿದರು. ಇಬ್ಬರೂ ನಕ್ಕರು.

ಆದರೆ ಈಗ ಆ ಕೋಣೆಯೇ ಉಳಿಯುವುದು ಅನುಮಾನ. ಎರಡು ತಿಂಗಳಿಂದ ಎರಡನೇ ಘಟಕದ ಬಟ್ಟೆಗಳನ್ನು ಹೊರಗಿನ ಲಾಂಡ್ರಿಗೆ ಕಳಿಸಿ ನೋಡುತ್ತಿದ್ದಾರೆ. ಲಾಂಡ್ರಿಯವರು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾರೆ, ಮಾರನೇ ದಿನವೇ ಕಿಲೋ ಲೆಕ್ಕದಲ್ಲಿ ತಂದುಕೊಡುತ್ತಾರೆ. ಹೆಚ್ಚು ಎಣ್ಣೆ ಹಿಡಿದದ್ದನ್ನು ಒಗೆಯುವುದಿಲ್ಲ, ಎಸೆಯುತ್ತಾರೆ. ಈ ತಿಂಗಳ ಕೊನೆಗೆ ಸಭೆ. ಅಲ್ಲಿ ಒಪ್ಪಿಗೆಯಾದರೆ ಮೊದಲ ಘಟಕದ್ದೂ ಹೊರಗೆ, ಕೋಣೆಗೆ ಬೀಗ.

"ಅವರದು ನನ್ನದಕ್ಕಿಂತ ಬಿಳಿ. ಸುಳ್ಳು ಹೇಳಬಾರದು," ಎನ್ನುತ್ತಾರೆ ಅಕ್ಕ.

ಸ್ಟೋರಿನ ಅಧಿಕಾರಿ ಒಳ್ಳೆಯವರು. ಇಲ್ಲಿಗೆ ಬಂದು ವರ್ಷವಾಗಿದೆ. ನನಗೆ ಕುರ್ಚಿ ಕೊಟ್ಟು ಕೂರಿಸಿ ಹೇಳಿದರು: "ಅಕ್ಕನ ಕೆಲಸದಲ್ಲಿ ಒಂದು ಕೊರತೆ ತೋರಿಸೋಕಾಗಲ್ಲ. ಆದ್ರೆ ನಿಧಾನ. ಬಂದ ಬಟ್ಟೆ ಎಣಿಸೋಕೇ ಒಂದು ಗಂಟೆ ತಗೋತಾರೆ. ಯಾಕೆ ಅಂದ್ರೆ, ಹಾಗೇ ಸರ್, ಅಂತಾರೆ. ಅಷ್ಟನ್ನೇ ಸಭೇಲಿ ಹೇಗೆ ಹೇಳ್ಲಿ?"

ಯಾಕೆ ಎಂದು ನಾನೂ ಕೇಳಿದೆ. ಮೂರು ದಿನ ಜಪ್ಪಯ್ಯ ಎಂದರೂ ಅಕ್ಕ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ, ಸೌಟು ಕೆಳಗಿಟ್ಟು, ಹೇಳಿದರು.

ನಾಲ್ಕು ವರ್ಷದ ಹಿಂದೆ, ವರ್ಷಕ್ಕೊಮ್ಮೆ ಯಂತ್ರ ಬಿಚ್ಚಿ ಸರಿಪಡಿಸುವ ಕಾಲ. ಟರ್ಬೈನಿನ ಬೇರಿಂಗ್‌ಗಳಿಗೆ ಎಣ್ಣೆ ಹೋಗುವ ತೊಟ್ಟಿಯನ್ನು ಒಳಗಿನಿಂದ ಒರೆಸಲು ಅರವತ್ತು ಬಟ್ಟೆ ಕೊಟ್ಟಿದ್ದರು. ಅಷ್ಟೂ ಮರಳಿ ಬಂದವೆಂದು ಅಕ್ಕ ಹೇಳದೆ ತೊಟ್ಟಿಯ ಮುಚ್ಚಳ ಹಾಕುವಂತಿಲ್ಲ. ಒಂದು ಬಟ್ಟೆ ಒಳಗೆ ಉಳಿದು ಕೊಳವೆಯ ಬಾಯಿಗೆ ಸಿಕ್ಕಿಕೊಂಡರೆ ಬೇರಿಂಗ್‌ಗೆ ಎಣ್ಣೆ ನಿಲ್ಲುತ್ತದೆ. ಆಮೇಲೆ ಯಂತ್ರದ ಗತಿ, ಪಕ್ಕದಲ್ಲಿ ನಿಂತವರ ಗತಿ, ಹೇಳುವಂತಿಲ್ಲ. ಮಧ್ಯಾಹ್ನ ಕಟ್ಟು ಬಂತು. ಅಕ್ಕ ಮಡಿಕೆ ಬಿಚ್ಚದೆ ಎಣಿಸಿದರು. ಅರವತ್ತು. ಫೋನಿನಲ್ಲಿ ಸರಿ ಎಂದರು. ಮುಚ್ಚಳ ಬಿತ್ತು.

ಸಂಜೆ ನಾಲ್ಕಕ್ಕೆ ನೆನೆಹಾಕಲು ಬಿಚ್ಚುವಾಗ ಒಂದು ಬಟ್ಟೆ ಬೆರಳಿಗೆ ಒರಟಾಗಿ ಹತ್ತಿತು. ಮೂರು ಅಂಚಿಗೆ ಕೆಂಪು ನೂಲಿತ್ತು, ನಾಲ್ಕನೆಯದಕ್ಕೆ ಇರಲಿಲ್ಲ. ಹುಡುಕಿದರೆ ಅಂಥದೇ ಇನ್ನೊಂದು ಸಿಕ್ಕಿತು. ಎರಡನ್ನೂ ಜೋಡಿಸಿ ಇಟ್ಟರೆ ಒಂದೇ ಚೌಕ. ಯಾರೋ ಒಂದು ಬಟ್ಟೆಯನ್ನು ಹರಿದು ಎರಡು ಮಾಡಿದ್ದರು. ಅಂದರೆ ಬಂದದ್ದು ಐವತ್ತೊಂಬತ್ತು.

"ಕೈ ಒರೆಸ್ಕೊಳ್ಳೋಕೂ ಬಟ್ಟೆ ಸಿಗಲಿಲ್ಲ ನೋಡು, ಅಷ್ಟೊಂದು ಬಟ್ಟೆ ನಡುವೆ. ಹಾಗೇ ಓಡ್ದೆ."

ಶಿಫ್ಟ್ ಎಂಜಿನಿಯರ್ ನಂಬಲಿಲ್ಲ. "ಅಕ್ಕ, ನೀವೇ ತಾನೆ ಅರವತ್ತು ಅಂದಿದ್ದು?"

"ನಾನೇ ಸರ್. ತಪ್ಪು ಎಣಿಸ್ದೆ. ಐವತ್ತೊಂಬತ್ತು."

"ಒಂದು ಚಿಂದಿಗೋಸ್ಕರ ಇಷ್ಟೆಲ್ಲ ಮತ್ತೆ ಬಿಚ್ಚಿಸ್ಲಾ?"

"ಬಿಚ್ಚಿಸಿ ಸರ್. ಒಳಗಿಲ್ದಿದ್ರೆ ನಾಳೆಯಿಂದ ನಾನು ಬರಲ್ಲ."

ಆಗ ಹಿಂದೆ ನಿಂತಿದ್ದ ಫಿಟ್ಟರ್ ಒಬ್ಬರು ಮೆಲ್ಲಗೆ, "ಹರಿದಿದ್ದು ನಾನು. ಸಂದಿ ಚಿಕ್ಕದಿತ್ತು, ಪೂರ್ತಿ ಬಟ್ಟೆ ಹೋಗ್ತಿರಲಿಲ್ಲ," ಎಂದರಂತೆ. ಮುಚ್ಚಳ ಬಿಚ್ಚಿದರು. ಕೊಳವೆಯ ಬಾಯಿಂದ ಒಂದು ಗೇಣು ದೂರದಲ್ಲಿ, ತಳಕ್ಕೆ ಅಂಟಿಕೊಂಡು, ಅರವತ್ತನೆಯ ಬಟ್ಟೆ ಇತ್ತು. ಎಂಜಿನಿಯರ್ ಅದನ್ನು ತಾವೇ ಎತ್ತಿ ಅಕ್ಕನ ಕೈಗೆ ಕೊಟ್ಟರು. ಬೈಯಲಿಲ್ಲ. ಪುಸ್ತಕದಲ್ಲಿ, ಇನ್ನೊಮ್ಮೆ ಪರೀಕ್ಷಿಸಲಾಯಿತು, ಎಂದಷ್ಟೇ ಬರೆದರು. ಅವರು ಬೇರೆ ಕಡೆಗೆ ವರ್ಗವಾಗಿ ಹೋಗಿದ್ದಾರೆ.

ಅಂದಿನಿಂದ ಅಕ್ಕ ಒಂದೊಂದನ್ನೂ ಬಿಚ್ಚಿ, ನಾಲ್ಕು ಅಂಚು ಮುಟ್ಟಿ ಎಣಿಸುತ್ತಾರೆ. ಅಧಿಕಾರಿ ಹೇಳಿದ ಆ ಒಂದು ಗಂಟೆ ಇದೇ.

"ಇದನ್ನ ಅವರಿಗೆ ಹೇಳಿದ್ರೆ ಆಗ್ತಿತ್ತಲ್ಲ ಅಕ್ಕ?"

"ನನ್ನ ತಪ್ಪು ಹೇಳೋಕೆ ನಂಗೇನೂ ನಾಚಿಕೆ ಇಲ್ಲ. ಬೇಕಾದ್ರೆ ದೊಡ್ಡ ಅಕ್ಷರದಲ್ಲಿ ಹಾಕು. ಆದ್ರೆ ಹೇಳಿದ್ರೆ ಹರಿದವರು ಯಾರು ಅಂತ ಕೇಳ್ತಾರೆ. ಅವನಿಗೆ ಈ ವರ್ಷ ಬಡ್ತಿ ಇದೆ. ಮಗಳ ಓದು ಬೇರೆ. ಒಪ್ಕೊಂಡವನನ್ನ ಮತ್ತೆ ಹಿಡ್ಕೊಡೋಕಾಗುತ್ತಾ?"

ಕೋಣೆ ಮುಚ್ಚಿದರೆ? ಅವರಿಗೆ ಇನ್ನು ಎರಡು ವರ್ಷ ಕೆಲಸವಿದೆ. ಕಾರಿಡಾರು ಗುಡಿಸಲು ಹಾಕುತ್ತಾರಂತೆ. "ಗುಡಿಸ್ತೀನಿ. ಅದಕ್ಕೇನು. ಬಟ್ಟೆ ಯಾರು ಒಗೆದ್ರೂ ಸರಿ, ತೂಗಿ ಕೊಡೋದು ಬೇಡ, ಎಣಿಸಿ ಕೊಡ್ಲಿ. ಇಷ್ಟೇ ನಂಗೆ ಬೇಕಾಗಿರೋದು. ತಕ್ಕಡಿಗೆ ಹರಿದಿದ್ದು ಗೊತ್ತಾಗುತ್ತಾ, ನೀನೇ ಹೇಳು."

ಇದನ್ನೆಲ್ಲ ಬರೆಯಬಹುದೇ ಎಂಬ ಚಿಂತೆಯಲ್ಲಿ ನನಗೆ ನಿದ್ದೆ ಕೆಟ್ಟಿತು. ಕೊನೆಗೆ ಅಕ್ಕನಿಗೆ ತಿಳಿಸಿಯೇ ಆ ಫಿಟ್ಟರನ್ನು ಕಂಡೆ. ಕ್ಯಾಂಟೀನಿನ ಹೊರಗೆ ನಿಂತು, ನಾನು ಬರೆದದ್ದನ್ನು ಅವರು ಎರಡು ಸಲ ಓದಿದರು. ಕೋಣೆ ಮುಚ್ಚುವ ಸುದ್ದಿ ಅವರಿಗೆ ಗೊತ್ತಿರಲಿಲ್ಲ.

"ಅಕ್ಕ ನನಗೆ ಒಂದು ಮಾತೂ ಹೇಳ್ಲಿಲ್ಲ. ದಿನಾ ಬೆಳಿಗ್ಗೆ ಅವರ ಕೈಯಿಂದಲೇ ಬಟ್ಟೆ ಇಸ್ಕೋತೀನಿ," ಎಂದರು. ಕಾಗದದ ಮೂಲೆಯನ್ನು ಮಡಿಸುತ್ತ, "ಹಾಕಿ. ಪೇಪರಲ್ಲಿ ಬರೋಕಿಂತ ಮುಂಚೆ ನಾನೇ ಹೋಗಿ ಸ್ಟೋರಿನ ಸಾಹೇಬರಿಗೆ ಹೇಳ್ತೀನಿ. ಸೋಮವಾರ ಬೆಳಿಗ್ಗೆ," ಎಂದರು.

ಸೋಮವಾರ ಕಳೆದಿದೆ. ಅವರು ಸಾಹೇಬರ ಕೋಣೆಯ ಬಾಗಿಲು ತಟ್ಟಿದರೋ, ಅರ್ಧ ದಾರಿಯಿಂದ ಹಿಂತಿರುಗಿದರೋ ನನಗೆ ತಿಳಿದಿಲ್ಲ. ಸಭೆ ಇನ್ನೂ ನಡೆದಿಲ್ಲ. ಅವರಿಗೇ ಫೋನ್ ಮಾಡಿ ಕೇಳಬಹುದಿತ್ತು. ಎರಡು ಸಲ ಸಂಖ್ಯೆ ಒತ್ತಿ ಇಟ್ಟುಬಿಟ್ಟೆ.