ಹುಸೇನಪ್ಪಣ್ಣ ಉಳಿಸಿಕೊಟ್ಟ ಮದುವೆಗಳು

ಹಾರ್ಡ್ ಡಿಸ್ಕ್ ಕೈಗೆ ಕೊಟ್ಟರೆ ಹುಸೇನಪ್ಪಣ್ಣ ಮೊದಲು ಅದನ್ನು ಕಿವಿಗೆ ಹಚ್ಚಿಕೊಳ್ಳುತ್ತಿದ್ದ. ವೈರು ಸಿಕ್ಕಿಸಿ, ಕರೆಂಟು ಕೊಟ್ಟು, ಅಂಗಡಿಯಲ್ಲಿದ್ದವರೆಲ್ಲ ಸುಮ್ಮನಿರಲೆಂದು ಎಡಗೈ ಮೇಲೆತ್ತಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ಹೊರಗೆ ರಾಯಚೂರು ಬಸ್ ನಿಲ್ದಾಣದ ಗದ್ದಲ, ಆಟೋದವರ ಕೂಗು. ಒಳಗೆ ಆರಡಿ ಎತ್ತರದ ಗಂಡಸು ಅಂಗೈಯಗಲದ ಪೆಟ್ಟಿಗೆಯ ಮಾತು ಕೇಳುತ್ತಿದ್ದ. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಆತ ಕಣ್ಣು ತೆರೆಯದೆಯೇ ಬೈದ.

"ಹಲ್ಲು ಆಮ್ಯಾಲ ತೋರಿಸಲೇ ತಮ್ಮಾ. ಇದು ಏನೋ ಹೇಳಾಕತ್ತದ, ಕೇಳಾಕ ಬಿಡು."

ಆತ ತೀರಿಕೊಂಡು ಎರಡು ವರ್ಷವಾಯಿತು. ಆತನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಮಾಡಿದ್ದನ್ನು ಆತ ಯಾರ ಮುಂದೆಯೂ ಆಡಲಿಲ್ಲ. ಆಡಿ ಬೈದಿದ್ದರೆ ನನ್ನ ಎದೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ದೇವದುರ್ಗ ತಾಲ್ಲೂಕಿನ ಗಬ್ಬೂರು ಆತನ ಊರು. ಅಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದ. ಸುಟ್ಟ ಮೋಟಾರನ್ನು ಮೂಸಿ, ಓಡುವ ಮೋಟಾರನ್ನು ಕೇಳಿ ರೋಗ ಹೇಳುವುದು ಅಲ್ಲಿಯೇ ಕಲಿತದ್ದು. ಮುಂದೆ ಯಾರದೋ ಕಂಪ್ಯೂಟರ್ ಬಿಚ್ಚಿ ನೋಡಿ, "ಇದರಾಗೂ ಒಂದು ಮೋಟಾರು ಅದಲ್ಲೋ ಯಪ್ಪಾ!" ಎಂದು ಬೆರಗಾಗಿ ಆ ದಾರಿ ಹಿಡಿದನಂತೆ. ರಾಯಚೂರಿನಲ್ಲಿ ಅಂಗಡಿ ಹಾಕಿದ ಮೇಲೂ ದಿನಾ ಗಬ್ಬೂರಿನಿಂದಲೇ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಕಂಪ್ಯೂಟರಿನವನೆಂದು ಕರೆದರೆ ಸಿಡುಕುತ್ತಿದ್ದ. "ನಾ ಮೋಟಾರಿನವ. ತಿರುಗೋದು ಏನರ ಇದ್ರ ತಗೊಂಡು ಬರ್ರಿ, ಇಲ್ಲಂದ್ರ ಚಾ ಕುಡಿದು ಹೋಗ್ರಿ."

ನನ್ನದು ಮಾನ್ವಿಯಲ್ಲಿ ಫೋಟೋ ಸ್ಟುಡಿಯೋ. ಮದುವೆ ಹಂಗಾಮಿನಲ್ಲಿ ವಿಡಿಯೋ ಜೋಡಿಸಲು ಕೂತರೆ ಕಂಪ್ಯೂಟರ್ ಎಮ್ಮೆಯ ಹಾಗೆ ಮಲಗಿಬಿಡುತ್ತಿತ್ತು. ಒಳಗಿದ್ದದ್ದು ಮೂರೂವರೆ ಇಂಚಿನ ದೊಡ್ಡ ಡಿಸ್ಕು. ಲ್ಯಾಪ್‌ಟಾಪಿನಲ್ಲಿರುವಂಥ ಎರಡೂವರೆ ಇಂಚಿನದು ಸಣ್ಣದಲ್ಲವೇ, ಚುರುಕಾಗಿಯೂ ಇರುತ್ತದೆಂದು ನನ್ನ ತಲೆಯಲ್ಲಿ ಕೂತಿತ್ತು. ಹಾಗೆಂದಾಗ ಆತ ಟೇಬಲ್ಲಿನ ಮೇಲೆ ಮುಚ್ಚಳ ತೆಗೆದ ಎರಡು ಹಳೆಯ ಡಿಸ್ಕುಗಳನ್ನು ಪಕ್ಕಪಕ್ಕದಲ್ಲಿಟ್ಟ. ಒಳಗಿನ ತಾಟುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

"ಕಣದಾಗ ಹಂತಿ ಹೊಡೆಯೋದು ನೋಡೀಯಿಲ್ಲ? ನಡು ಮೇಟಿ ಕಂಬದ ಹತ್ರದ ಎತ್ತು ನಿಂತಲ್ಲೇ ತಿರುಗಿದಂಗ ತಿರುಗ್ತದ. ಕಡೀ ಎತ್ತು ಅಷ್ಟೇ ಹೊತ್ತಿನ್ಯಾಗ ಓಡೋಡಿ ಸುತ್ತು ಹಾಕ್ತದ. ಇಲ್ಲೂ ಹಂಗೇ. ತಾಟು ದೊಡ್ಡದಿದ್ರ ಅಂಚಿನ ಓಟ ಜಾಸ್ತಿ, ಒಂದು ಸುತ್ತಿಗೆ ಸಿಗೋ ಮಾಲೂ ಜಾಸ್ತಿ."

"ಹಂಗಾದ್ರ ದೊಡ್ಡದೇ ಚುರುಕು ಅನ್ರಿ."

"ತಡಿ, ಗಡಿಬಿಡಿ ಮಾಡ್ಬ್ಯಾಡ. ದೊಡ್ಡ ತಾಟು ಭಾರ. ಭಾಳ ಜೋರು ತಿರುಗಿಸಾಕ ಹೋದ್ರ ನಡುಗ್ತದ, ಬಿಸಿ ಆಗ್ತದ. ಮ್ಯಾಲ ಓದೋ ಈ ಕೈ ದೂರ ಹೋಗಿ ಬರಬೇಕು. ಸಣ್ಣ ತಾಟಿಗೆ ಆ ತ್ರಾಸಿಲ್ಲ. ಆದ್ರ ಲ್ಯಾಪ್‌ಟಾಪಿನ ಡಿಸ್ಕಿಗೆ ಬ್ಯಾಟ್ರಿ ಉಳೀಲಿ ಅಂತ ಮೋಟಾರೇ ಮೆಲ್ಲಗ ತಿರುಗೋದು ಹಾಕಿರ್ತಾರ. ಮೈ ನೋಡಿ ಓಟ ಅಳಿಬ್ಯಾಡಲೇ ತಮ್ಮಾ."

ಹೊಸ ಕಾಲದ, ತಿರುಗುವುದೇ ಇಲ್ಲದ ಚಿಪ್ಪಿನ ಡಿಸ್ಕನ್ನೂ ಬಿಚ್ಚಿ ತೋರಿಸಿದ. ಡಬ್ಬಿ ಮುಕ್ಕಾಲು ಖಾಲಿ, ಮೂಲೆಯಲ್ಲಿ ಎರಡು ಬೆರಳಗಲದ ಹಸಿರು ತುಂಡು. "ಇದಕ್ಕ ದೊಡ್ಡದೂ ಒಂದೇ, ಸಣ್ಣದೂ ಒಂದೇ. ಓಟದಾಗ ಇದರ ಮುಂದ ಯಾವುದೂ ನಿಲ್ಲಂಗಿಲ್ಲ. ಆದ್ರ ಸಾಯೋ ಮುಂದ ಸಪ್ಪಳ ಮಾಡಂಗಿಲ್ಲ ನೋಡು, ಅದಕ್ಕೇ ನನಗ ಇದರ ಮ್ಯಾಲ ಜೀವ ಇಲ್ಲ" ಎಂದ. ನಾನು ನಕ್ಕೆ. ಬೀಗ ಹಾಕಿಕೊಂಡು ಬಸ್ಸಿಗೆ ಓಡುವಾಗ ಮಾತ್ರ ಇನ್ನೊಂದು ಮಾತು ಕೂಗಿ ಹೇಳಿದ್ದ: "ಯಾವುದರ ತಗೋ. ಓಡೋ ಮುಂದ ಅಲುಗಾಡಿಸ್ಬ್ಯಾಡ!"

ನಾನು ಎರಡೂವರೆ ಇಂಚಿನದನ್ನೇ ತಗೊಂಡೆ. ಕಿಸೆಯಲ್ಲಿ ಹಿಡಿಯುತ್ತಿತ್ತು, ಮದುವೆ ಮನೆಗೆ ಒಯ್ಯಲು ಅನುಕೂಲ. ನಮ್ಮ ಕಡೆಯ ಫೋಟೋದವರೆಲ್ಲ ಮಾಡುವುದು ಒಂದೇ. ಹಂಗಾಮಿನಲ್ಲಿ ಇವತ್ತು ಒಂದೂರು, ನಾಳೆ ಇನ್ನೊಂದೂರು. ಅಕ್ಕಿಕಾಳು ಬಿದ್ದು ಜನ ಊಟಕ್ಕೆ ಕೂತ ಕೂಡಲೇ ಕ್ಯಾಮೆರಾದ ಕಾರ್ಡುಗಳನ್ನು ಡಿಸ್ಕಿಗೆ ಇಳಿಸಿ, ನಾಳೆಯ ಮದುವೆಗೆ ಕಾರ್ಡು ಖಾಲಿ ಮಾಡಿಕೊಳ್ಳುತ್ತೇವೆ. ಆ ವರ್ಷ ದೇವದುರ್ಗದ್ದೊಂದು, ಪೋತ್ನಾಳದ್ದೊಂದು ಮದುವೆ ಆ ಡಿಸ್ಕಿಗೆ ಇಳಿದವು. ಮೂರನೆಯದು ಹುಸೇನಪ್ಪಣ್ಣನ ಒಬ್ಬಳೇ ಮಗಳು ರೇಣುಕಾಳದು.

ಗಬ್ಬೂರಿನಲ್ಲಿ ಆತನ ಮನೆಯ ಮುಂದೆಯೇ ಹಂದರ. ಆತ ಆ ದಿನ ನಿಂತಲ್ಲಿ ನಿಲ್ಲಲಿಲ್ಲ. ಜನರೇಟರ್ ದನಿ ಸ್ವಲ್ಪ ಬದಲಾದರೆ ಬೀಗರನ್ನು ಬಿಟ್ಟು ಅತ್ತ ಓಡುತ್ತಿದ್ದ. ಊಟದ ಹೊತ್ತಿಗೆ ನನಗೆ ಲ್ಯಾಪ್‌ಟಾಪ್ ಇಡಲು ಎಲ್ಲಿಯೂ ಜಾಗ ಸಿಗಲಿಲ್ಲ. ಡಿಜೆಯವರ ಸ್ಪೀಕರ್ ಪೆಟ್ಟಿಗೆ ಸುಮ್ಮನೆ ನಿಂತಿತ್ತು, ಅದರ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಡಿಸ್ಕು ಇಟ್ಟು ಕಾಪಿ ಹಚ್ಚಿದೆ. ಅರ್ಧ ಆಗಿರಬೇಕು, ಡಿಜೆ ಶುರುವಾಯಿತು. ಪೆಟ್ಟಿಗೆ ಅದುರಿತು. ನಾನು ನೀರು ಕುಡಿದು ತಿರುಗುವುದರೊಳಗೆ ಡಿಸ್ಕು ಸರಿಯುತ್ತ ಅಂಚಿಗೆ ಬಂದು ನೆಲಕ್ಕೆ ಬಿತ್ತು. ಎತ್ತಿ ಒರೆಸಿ ಮತ್ತೆ ಹಚ್ಚಿದೆ. ಕಾಪಿ ಮುಗಿದದ್ದನ್ನು ತೋರಿಸಿತು. ವಿಡಿಯೋ ತೆರೆದು ನೋಡುವಷ್ಟು ತಾಳ್ಮೆ ಎಲ್ಲಿತ್ತು? ಕಾರ್ಡು ಖಾಲಿ ಮಾಡಿದೆ. ಹುಸೇನಪ್ಪಣ್ಣ ಎದುರಿಗೇ ಹೋಳಿಗೆ ಬಡಿಸುತ್ತಿದ್ದ, ಡಿಸ್ಕು ಬಿದ್ದದ್ದನ್ನು ನಾನು ಆತನಿಗೆ ಹೇಳಲಿಲ್ಲ.

ನಾಲ್ಕು ತಿಂಗಳಿಗೆ ರೇಣುಕಾ ಕಾಮಾಲೆ ಬಂದು ತೀರಿಕೊಂಡಳು. ಆ ಮೂರು ಮದುವೆಗಳಲ್ಲಿ ಯಾವುದರ ವಿಡಿಯೋವನ್ನೂ ನಾನಿನ್ನೂ ಜೋಡಿಸಿರಲಿಲ್ಲ. ಮಣ್ಣು ಮುಗಿಸಿ ಬಂದವನು ನೇರ ಸ್ಟುಡಿಯೋಕ್ಕೆ ಹೋಗಿ ಡಿಸ್ಕು ಹಚ್ಚಿದೆ. ಟಕ್, ಟಕ್, ಟಕ್. ವೈರು ಬದಲಿಸಿದರೂ ಅದೇ ಸಪ್ಪಳ, ಪರದೆಯ ಮೇಲೆ ಏನೂ ಬರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅದನ್ನು ಹಿಡಿದು ರಾಯಚೂರಿಗೆ ಹೋದೆ. ಅಂಗಡಿ ತೆರೆದಿತ್ತು. ಹುಸೇನಪ್ಪಣ್ಣನ ಗಡ್ಡ ಬೆಳೆದಿತ್ತು, ಮನುಷ್ಯ ಅರ್ಧಕ್ಕೆ ಇಳಿದಿದ್ದ. ಏನೂ ಕೇಳದೆ ಡಿಸ್ಕನ್ನು ಕಿವಿಗೆ ಹಚ್ಚಿಕೊಂಡು, ಎರಡು ಗಳಿಗೆಯಲ್ಲಿ ಕರೆಂಟು ತೆಗೆದ.

"ಇದು ಬಿದ್ದದ. ಓಡೋ ಮುಂದ ಬಿದ್ದದ. ಎಲ್ಲಿ ಬಿತ್ತು?"

"ನಿಮ್ಮ ಮನಿ ಮುಂದೇ ಅಣ್ಣಾ. ರೇಣುಕಾನ ಮದುವಿ ದಿನ."

ಆತ ಡಿಸ್ಕನ್ನೇ ತಿರುಗಿಸಿ ತಿರುಗಿಸಿ ನೋಡಿದ. ನಾನು ಕಪಾಳಕ್ಕೆ ಹೊಡೆತ ಬೀಳಲೆಂದು ಕಾದೆ. "ಇದರಾಗ ಮತ್ತೇನೇನು ಅದ? ಯಾವುದು ಮೊದಲು ಹಾಕಿದ್ದಿ?" ಎಂದು ಮಾತ್ರ ಕೇಳಿದ.

ಹೇಳಿದೆ. ಡಿಸ್ಕು ತುಂಬುವುದು ಹೊರ ಅಂಚಿನಿಂದ ಒಳಕ್ಕೆ, ಮೊದಲು ಹಾಕಿದ್ದು ಅಂಚಿನಲ್ಲಿರುತ್ತದೆ. ಆ ಎರಡು ಮದುವೆ ಅಲ್ಲಿ ಚೆನ್ನಾಗಿಯೇ ಇವೆಯೆಂದು ಆತ ವಿವರಿಸಿದ. ಬಿದ್ದ ಹೊತ್ತಿನಲ್ಲಿ ಡಿಸ್ಕಿನೊಳಗಿನ ಕೈ ಬರೆಯುತ್ತಿದ್ದದ್ದು ರೇಣುಕಾಳ ಮದುವೆ. ತಾಟಿಗೆ ಗೀರು ಬಿದ್ದದ್ದೂ ಅದೇ ಜಾಗದಲ್ಲಿ.

"ರೇಣುಕಾಂದು ಮೊದಲು ತೆಗೀರಿ ಅಣ್ಣಾ" ಎಂದು ಕೈ ಮುಗಿದೆ.

"ಆ ಗಾಯದ ಮ್ಯಾಲ ಕೈ ಹೋತಂದ್ರ ತಿರುಗಿ ಬರ್ತದೋ ಇಲ್ಲೋ. ಚಲೋ ಇದ್ದ ಜಾಗ ಮೊದಲು ಓದಬೇಕು."

"ಓದಿ ಓದಿ ಅಷ್ಟರಾಗ ಇದರ ಜೀವ ಹೋದ್ರ?"

"ಹೋದ್ರ ಹೋತು."

ನನಗೆ ತಡೆಯಲಾಗಲಿಲ್ಲ. "ಆ ಎರಡೂ ಮನ್ಯಾಗ ಎಲ್ಲಾರೂ ಬದುಕ್ಯಾರಲ್ಲಣ್ಣಾ! ಬೇಕಂದ್ರ ಇನ್ನೊಂದು ಸಲ ಸೀರಿ ಉಟ್ಟು ನಿಲ್ತಾರ!" ಎಂದು ಚೀರಿದೆ.

"ಇವತ್ತಿಗೆ ಬದುಕ್ಯಾರ" ಎಂದ. "ಮದುವಿ ದಿನ ಈಕಿನೂ ಬದುಕಿದ್ಲು."

ಮತ್ತೆ ಡಿಸ್ಕಿಗೆ ವೈರು ಸಿಕ್ಕಿಸಿದ. ಐದು ದಿನ ಆತ ಬೇರೆ ಕೆಲಸ ಮುಟ್ಟಲಿಲ್ಲ. ಸ್ವಲ್ಪ ಓದಿಸುವುದು, ಬಿಸಿಯಾದರೆ ನಿಲ್ಲಿಸುವುದು. "ಸುಸ್ತಾಗ್ಯಾದ, ಮಲಗಲಿ" ಎನ್ನುತ್ತಿದ್ದ. ದೇವದುರ್ಗದ ಮದುವೆ ಪೂರ್ತಿ ಬಂತು. ಪೋತ್ನಾಳದ್ದೂ ಬಂತು. ಅವರಿಗೆ ಇವತ್ತಿಗೂ ಈ ಸುದ್ದಿ ಗೊತ್ತಿಲ್ಲ. ಆರನೆಯ ದಿನ ಫೋನು ಮಾಡಿ, "ಬಾ, ಒಂದು ತುಣುಕು ಬಂದದ. ಡಿಸ್ಕು ಹೋತು" ಎಂದ.

ಆ ದಿನ ಹೋಗಿ ನೋಡಿದ್ದೇ ನಾನು ಆತನನ್ನು ನೋಡಿದ ಕಡೆಯ ಸಲ. ಮುಂದಿನ ತಿಂಗಳು ಗಬ್ಬೂರಿನಿಂದ ಬರುವಾಗ ಬಸ್ಸಿನಲ್ಲಿ ಕೂತಲ್ಲಿಯೇ ಎದೆ ಹಿಡಿದುಕೊಂಡನಂತೆ. ನಾನು ಹೋಗುವುದರೊಳಗೆ ಎಲ್ಲ ಮುಗಿದಿತ್ತು.

ತುಣುಕು ನೋಡಲು ನಾನು ಹೋದ ದಿನ ಅಂಗಡಿಯಲ್ಲಿ ಆತನ ಹೆಂಡತಿ ಹನುಮವ್ವನೂ ಇದ್ದಳು. ಅಲ್ಲಿಗೆ ಆಕೆ ಬಂದದ್ದು ಅದೇ ಮೊದಲಂತೆ. ಗಂಡನಿಗೆ ಬುತ್ತಿ ತಂದಿದ್ದಳು. ನನ್ನನ್ನು ನೋಡಿ "ಬಾ ಯಪ್ಪಾ, ಕುಂದ್ರು" ಎಂದು ಜಾಗ ಬಿಟ್ಟುಕೊಟ್ಟಳು. ನಾನು ಮಾಡಿದ್ದನ್ನು ಆತ ಹೆಂಡತಿಗೂ ಹೇಳಿಲ್ಲವೆಂದು ನನಗೆ ಆಗಲೇ ಗೊತ್ತಾದದ್ದು. ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

ಬಂದದ್ದು ಒಂದು ನಿಮಿಷಕ್ಕೂ ಕಡಿಮೆ. ಅರಿಶಿಣದ ಹೊತ್ತು. ಮೊದಲು ಪರದೆಯೆಲ್ಲ ಚೌಕಚೌಕವಾಗಿ ಒಡೆದಿತ್ತು, ಆಮೇಲೆ ತಿಳಿಯಾಗಿ ಹಸೆಯ ಮೇಲೆ ಕೂತ ರೇಣುಕಾ ಕಂಡಳು. ಗಲ್ಲದ ತುಂಬ ಅರಿಶಿಣ. ಕ್ಯಾಮೆರಾದ ಆಚೆ ಎಲ್ಲಿಂದಲೋ ಹುಸೇನಪ್ಪಣ್ಣ ಜನರೇಟರಿನವನ ಮೇಲೆ ಹರಿಹಾಯುವುದು ಕೇಳುತ್ತಿತ್ತು. ಆಕೆ ಅತ್ತ ತಿರುಗಿ ಕೂಗಿದಳು.

"ಯಪ್ಪಾ, ಮುಂಜಾಲಿಂದ ತಿರುಗಾಕತ್ತೀ, ಉಂಡ್ಯೇನು?"

ಆತ ಉತ್ತರ ಕೊಡಲಿಲ್ಲ, ಡೀಸೆಲ್ ಡೀಸೆಲ್ ಎಂದು ಒದರುತ್ತಲೇ ಇದ್ದ. ಆಕೆ ಉತ್ತರಕ್ಕೆ ಕಾಯುತ್ತ ನೋಡುತ್ತಿದ್ದಳು. ಚಿತ್ರ ಅಲ್ಲಿಗೇ ನಿಂತಿತು.

ಹನುಮವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಗಂಡನ ಭುಜ ಮುಟ್ಟಿದಳು. "ಕೂಸು ಕೇಳಾಕತ್ತದ. ಹೇಳು."

ಹುಸೇನಪ್ಪಣ್ಣ ಪರದೆಯ ಹತ್ತಿರಕ್ಕೆ ಬಗ್ಗಿದ.

"ಉಂಡೀನವ್ವಾ" ಎಂದ. "ಹೊಟ್ಟಿ ತುಂಬ ಉಂಡೀನಿ."

ಮಧ್ಯಾಹ್ನ ಮೂರು ದಾಟಿತ್ತು. ಹನುಮವ್ವ ತಂದ ಬುತ್ತಿ ಟೇಬಲ್ಲಿನ ಮೇಲೆ ಗಂಟು ಬಿಚ್ಚದೆ ಹಾಗೆಯೇ ಇತ್ತು.